ಡಬ್ಬಿಯಲ್ಲಿಟ್ಟ ಅಣಬೆ

ಕಣ್ಣಾರೆ ಕಂಡೆ ಎಂದು ಯಾರಾದರೂ ನಂಬಲಾಗದ ಸಂಗತಿ ಹೇಳಿದರೆ, ಬೆಳಕು ಎಷ್ಟಿತ್ತು, ಎಷ್ಟು ದೂರದಿಂದ ನೋಡಿದಿರಿ ಎಂದು ನಾನು ಕೇಳುತ್ತಿದ್ದೆ. ಓದಿದ್ದು ಸಸ್ಯಶಾಸ್ತ್ರ. ಅಳತೆ, ಜಾಗ, ದಿನ ಬರೆದಿಡದ ಮಾತನ್ನು ನಂಬುತ್ತಿರಲಿಲ್ಲ. ಈ ಸಂಗತಿಗೆ ಅವೆಲ್ಲವನ್ನೂ ಬರೆದಿಟ್ಟಿದ್ದೇನೆ. ಪ್ರಯೋಜನವಾಗಿಲ್ಲ.

ಬೆಟಗೇರಿಯಲ್ಲಿ ನಾವು ಐದಾರು ಜನ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಓಣಿಯಿಂದ ಹೊಲದ ಅಂಚಿನವರೆಗೆ ನಡೆದು, ಕಂಡ ಹಕ್ಕಿ, ಹುಳು, ಅಣಬೆಗಳನ್ನು ದಾಖಲಿಸುತ್ತೇವೆ. ಶುರು ಮಾಡಿದವಳು ನಾನು. ನಿಯಮ ಎರಡೇ. ಯಾವುದನ್ನೂ ಕೀಳಬಾರದು. ಮೊದಲು ಕಂಡವರು ಅಳತೆಗೆಂದು ತಮ್ಮದೊಂದು ವಸ್ತುವನ್ನು ಪಕ್ಕದಲ್ಲಿಟ್ಟು, ಅದು ಇದ್ದಲ್ಲೇ ಫೋಟೊ ತೆಗೆಯಬೇಕು. ಪಟ್ಟಿಯಲ್ಲಿ ಅವರ ಹೆಸರು ಬರುತ್ತದೆ. ಎರಡು ವರ್ಷ ಪಟ್ಟಿಯ ತುಂಬ ನನ್ನ ಹೆಸರೇ ಇತ್ತು.

ಆಮೇಲೆ ಶಮೀಮ ಬಂದಳು. ಹಿಂದಿನ ಓಣಿಯವಳು, ಮನೆಯಲ್ಲಿ ಮಗ್ಗಕ್ಕೆ ಕಂಡಿಕೆ, ಎಂದರೆ ಬೆರಳುದ್ದದ ಕೊಳವೆಗೆ ನೂಲು, ಸುತ್ತುತ್ತಾಳೆ. ಒಂದು ಅಣಬೆಯ ಹೆಸರೂ ಗೊತ್ತಿರಲಿಲ್ಲ. ಆದರೆ ನಾನು ದಾಟಿಹೋದ ಜಾಗದಲ್ಲೇ ಕುಕ್ಕರುಗಾಲಲ್ಲಿ ಕೂತು, “ಅಕ್ಕಾರ, ಇಲ್ಲೇನೋ ಐತಿ, ಬರ್ರಿ” ಎಂದು ಕರೆಯುತ್ತಿದ್ದಳು. ಫೋಟೊಗಳಲ್ಲಿ ನನ್ನ ಸ್ಕೇಲಿನ ಬದಲು ಅವಳ ಖಾಲಿ ಕಂಡಿಕೆ ಕಾಣತೊಡಗಿತು. ಪಟ್ಟಿ ಬರೆಯುವ ನಿವೃತ್ತ ಮಾಸ್ತರರು ಒಮ್ಮೆ ಎಲ್ಲರ ಮುಂದೆ, “ಎಮ್ಮೆಸ್ಸಿ ಕಣ್ಣಿಗಿಂತ ಕಂಡಿಕಿ ಸುತ್ತೋ ಕಣ್ಣು ಚುರುಕ ಅದಾವ ನೋಡವ್ವಾ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಪಟ್ಟಿಯಲ್ಲಿ ಅವಳ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿದೆ. ಮರುವಾರವೂ ಎಣಿಸಿದೆ.

ನಾಲ್ಕು ಮಳೆಗಾಲದ ಹಿಂದೆ, ಒಂದು ಶನಿವಾರ ಮಳೆ ನಿಂತ ಮೇಲೆ, ಅವಳಿಗಿಂತ ಮೊದಲು ನೋಡಿಬಿಡಬೇಕೆಂದು ಸಂಜೆಯೇ ಒಬ್ಬಳೇ ಹೊರಟೆ. ಹಳೆಯ ಹತ್ತಿ ಗೋದಾಮಿನ ಹಿಂದೆ, ಕಡಿದ ಬೇವಿನ ಬುಡದಲ್ಲಿ ಅದು ನಿಂತಿತ್ತು. ತಲೆಯಿಂದ ಬಿಳಿಯ ಜಾಳಿಗೆಯಂಥ ಪರದೆ ಇಳಿಬಿಟ್ಟ, ಕೊಳೆತ ವಾಸನೆಯ, ಒಂದೇ ದಿನ ಬಾಳುವ ಅಣಬೆ. ಪುಸ್ತಕದಲ್ಲಷ್ಟೇ ನೋಡಿದ್ದೆ. ಎತ್ತರ ಹದಿನಾಲ್ಕು ಸೆಂಟಿಮೀಟರ್. ಪರದೆಯ ಎಡಬದಿ ಹರಿದು, ಕವಲೊಡೆದ ಬೇವಿನ ಕಡ್ಡಿಯೊಂದು ಸಿಕ್ಕಿಕೊಂಡಿತ್ತು. ಬರೆದುಕೊಂಡೆ. ಫೋನು ತೆಗೆದರೆ ಚಾರ್ಜ್ ಮುಗಿದಿತ್ತು.

ಚಾರ್ಜ್ ಮಾಡಿಕೊಂಡು ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಈಗ ನಾನೂ ಕೇಳಿಕೊಳ್ಳುತ್ತೇನೆ. ಆಗ ನನ್ನ ಕಣ್ಣಿಗೆ ಕಂಡದ್ದು ನಾಳೆಯ ಫೋಟೊದಲ್ಲಿ ಅದರ ಪಕ್ಕ ಮಲಗಲಿರುವ ಅವಳ ಕಂಡಿಕೆ ಮಾತ್ರ. ನನಗೆ ಸಿಗದಿದ್ದರೂ ಸರಿ, ಅವಳಿಗೆ ಸಿಗಬಾರದು. ಬುಡಕ್ಕೆ ಕೈ ಹಾಕಿ ಕಿತ್ತೆ. ಕಡ್ಡಿಯ ಸಮೇತ ಮನೆಗೆ ತಂದು, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕಪಾಟಿನಲ್ಲಿಟ್ಟೆ.

ಬೆಳಿಗ್ಗೆ ಎಲ್ಲರೂ ಗೋದಾಮಿನ ಹಿಂದೆ ಹೋದಾಗ ಶಮೀಮ ಬೇವಿನ ಬುಡದ ಹತ್ತಿರ ಕೂತಿದ್ದಳು. ಅಣಬೆ ಅಲ್ಲೇ ನಿಂತಿತ್ತು. ನೆಲದಲ್ಲಿ ಇನ್ನೊಂದು ಮೊಗ್ಗಿದ್ದು ರಾತ್ರಿ ಅರಳಿರಬಹುದು ಎಂದುಕೊಂಡೆ, ಅದು ಸಾಧ್ಯ. ಆದರೆ ಪರದೆಯ ಎಡಬದಿ ಹರಿದಿತ್ತು. ಹರಿದಲ್ಲಿ ಆ ಕವಲುಕಡ್ಡಿ ಇತ್ತು. ಅಳೆದೆ. ಹದಿನಾಲ್ಕು. ಮುಟ್ಟಿದೆ, ತಣ್ಣಗಿತ್ತು, ಬೆರಳಿಗೆ ಅದೇ ವಾಸನೆ ಅಂಟಿತು.

ಶಮೀಮ ಕಂಡಿಕೆಯನ್ನು ಚೀಲದಿಂದ ತೆಗೆದಿರಲೇ ಇಲ್ಲ. “ಅಕ್ಕಾರ, ನಿನ್ನಿ ಬಂದಿದ್ರಿ ಅಲ್ಲಾ? ರಾಡ್ಯಾಗ ನಿಮ್ಮ ಚಪ್ಪಲಿ ಗುರುತು ಐತಿ. ಮೊದಲ ನೋಡಿದವರು ನೀವ. ನಿಮ್ಮ ಸ್ಕೇಲ್ ಇಡ್ರಿ,” ಎಂದಳು.

“ಹೂಂ,” ಎಂದು ಸ್ಕೇಲ್ ಇಟ್ಟು ಫೋಟೊ ತೆಗೆದೆ. ಮಾಸ್ತರರು ನನ್ನ ಹೆಸರು ಬರೆದರು.

ಮನೆಗೆ ಓಡಿ ಡಬ್ಬಿ ತೆರೆದೆ. ಅಣಬೆ ಒಳಗಿತ್ತು, ಬಾಡಿತ್ತು, ಎಡಬದಿ ಹರಿದಿತ್ತು. ಕಡ್ಡಿಯೂ ಇತ್ತು. ಫೋಟೊ ಪಕ್ಕದಲ್ಲಿಟ್ಟುಕೊಂಡು ಕಡ್ಡಿಯ ಗಂಟು ಗಂಟು ಹೋಲಿಸಿದೆ. ಒಂದೂ ತಪ್ಪಲಿಲ್ಲ.

ಕೆಲವು ವಾರ ತಡೆದು, ಪಟ್ಟಿಯ ಆ ಸಾಲಿನಲ್ಲಿ ಶಮೀಮಳ ಹೆಸರು ಹಾಕಿ ಎಂದು ಮಾಸ್ತರರನ್ನು ಕೇಳಿದೆ. “ಯಾಕವ್ವಾ, ನೀ ನೋಡಲಿಲ್ಲೇನು?” ಎಂದರು. ನೋಡಿದ್ದೆ. ಆದರೆ ನಾನು ನೋಡಿದ್ದು ಕಪಾಟಿನಲ್ಲಿತ್ತು. ಭಾನುವಾರ ಆ ಬುಡದಲ್ಲಿ ನಿಂತಿದ್ದದ್ದು ಏನು, ಅದನ್ನು ಮೊದಲು ಕಂಡವರು ಯಾರು? ಮಾಸ್ತರರು ಪೆನ್ನು ಹಿಡಿದು ಕಾಯುತ್ತಿದ್ದರು. ಆ ಸಾಲಿನಲ್ಲಿ ಇಂದಿಗೂ ನನ್ನ ಹೆಸರೇ ಇದೆ.