ಚಯ, ಅಪಚಯ ಮತ್ತು ನಮ್ಮ ಸುಶೀಲಕ್ಕ

ಆಗ ಜಮಖಂಡಿಯ ಚಳಿಗಾಲಕ್ಕೆ ಬೆಲ್ಲದ ವಾಸನೆ ಇರುತ್ತಿತ್ತು. ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿನಿಂದ ಕ್ರಿಸ್ಮಸ್ ರಜೆಗೆಂದು ಬಸ್ಸಿಳಿದರೆ ಮೊದಲು ಮೂಗಿಗೆ ಬಡಿಯುತ್ತಿದ್ದದ್ದು ಅದೇ. ಊರ ಹೊರಗಿನ ಗಾಣಗಳಲ್ಲಿ ಕಬ್ಬಿನ ಹಾಲು ಕುದಿಯುವ, ತುಸು ಸುಟ್ಟಂಥ, ಗಂಟಲಿಗೆ ಅಂಟುವ ವಾಸನೆ. ಈಗಲೂ ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಸರಿಯಾದ ವರ್ಡ್ ನನಗೆ ಸಿಕ್ಕಿಲ್ಲ.

ಆ ವರ್ಷ ನನ್ನ ಒಡಹುಟ್ಟಿದ ಅಕ್ಕ ಸುಶೀಲಕ್ಕ ಸೊರಗಿದ್ದಳು. ಗಿರಗಿರ ತಿರುಗುವ ಫುಗಡಿ ಆಟಕ್ಕೆ ಕೈ ಹಿಡಿದರೆ ಬರೀ ಎಲುಬು. ಎರಡು ಸುತ್ತು ತಿರುಗುವುದರೊಳಗೆ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಲೇ ಕಾನ್ವೆಂಟ್ ಮೇಡಮ್ಮಾ, ನೀರ ತಗೊಂಬಾ."

"ಈಗರ ಒಂದ ತಂಬಿಗಿ ಕುಡದಿಯಲ್ಲ?"

"ತಂಬಿಗಿ ಸಾಲೂದಿಲ್ಲ ಬೇ. ಕೃಷ್ಣಾ ಹೊಳೀನ ತಾ."

ಇಬ್ಬರೂ ನಕ್ಕೆವು. ಊಟವನ್ನೂ ಅವಳು ಮೊದಲಿಗಿಂತ ಎರಡರಷ್ಟು ಮಾಡುತ್ತಿದ್ದಳು. ಉಂಡಿದ್ದೆಲ್ಲ ಎಲ್ಲಿ ಹೋಗುತ್ತಿತ್ತೋ.

ಡಾಕ್ಟರು ಮನೆಗೆ ಬಂದರು. ನಾಲಿಗೆ ನೋಡಿದರು, ನಾಡಿ ಹಿಡಿದರು. "ಮೆಟಬಾಲಿಸಮ್ಮಿಂದು ಏನೋ ಕೆಟ್ಟಂಗ ಕಾಣತೈತ್ರಿ. ಇಲ್ಲಿ ತಪಾಸಣಿ ಆಗೂದಿಲ್ಲ, ಮಿರಜಿನ ದೊಡ್ಡ ದವಾಖಾನಿಗೆ ಕರಕೊಂಡ ಹೋಗ್ರಿ" ಎಂದು ಹೇಳಿ ಹೋದರು.

ಎಲ್ಲರೂ ನನ್ನ ಕಡೆ ತಿರುಗಿದರು. "ಇಂಗ್ಲಿಷ್ ಸಾಲಿಯಾಕಿ, ಏನಂದ್ರು ಹೇಳ ಯವ್ವಾ" ಎಂದಳು ಅವ್ವ.

ಕಾನ್ವೆಂಟಿನ ಸಿಸ್ಟರ್ ಆ ಪದವನ್ನು ಬೋರ್ಡಿನ ಮೇಲೆ ಬರೆದದ್ದು ನೆನಪಿತ್ತು. "ಗ್ರೀಕ್ ವರ್ಡ್ ಅದು. ಚೇಂಜ್, ಬದಲಾಗೂದು ಅಂತ ಅರ್ಥ. ಉಂಡಿದ್ದು ಮೈಯಾಗ ಬದಲಾಗಿ ಶಕ್ತಿ ಆಗತೈತಿ."

ಸಂಸ್ಕೃತ ಕಲಿಸಿ ರಿಟೈರ್ ಆಗಿದ್ದ ಅಜ್ಜನ ಮುಖ ಅರಳಿತು. "ನಮ್ಮಲ್ಲಿ ಚಯಾಪಚಯ ಅಂತಾರ. ಚಯ ಅಂದ್ರ ಒಟ್ಟೂದು, ಜ್ವಾಳದ ಕಣಿಕಿ ಬಣವಿ ಒಟ್ಟಿದಂಗ. ಅಪಚಯ ಅಂದ್ರ ಆ ಬಣವಿ ಕರಗೂದು. ಜೀವ ಇರಾಕ ಎರಡೂ ಕೂಡೇ ನಡೀಬೇಕು."

ಎಷ್ಟು ಚೆಂದದ ವಿವರಣೆ! ಅದನ್ನು ಕೇಳಿ ಅವ್ವನ ಎದೆ ಹಗುರಾಯಿತು.

"ಹಂಗಾರ ಈಕೀದು ಬರೇ ಕರಗಾಕತ್ತೈತಿ. ನಾವು ಒಟ್ಟೂಣು."

ಸೊರಗಿದ ಮೈ ತುಂಬಿಸಲು ನಮ್ಮ ಕಡೆ ಇದ್ದದ್ದು ಒಂದೇ ಔಷಧ, ಬೆಲ್ಲ. ಎಳ್ಳಮಾಸಿ ಹತ್ತಿರ ಬಂದಿತ್ತು. ಅಮಾವಾಸ್ಯೆ ದಾಟದೆ ಹೆಣ್ಣುಮಗಳನ್ನು ಹೊಳೆಯಾಚೆ ಹೇಗೆ ಕಳಿಸುವುದು? ಹಬ್ಬ ಮುಗಿದ ಮೇಲೆ ಮಿರಜಿಗೆ ಎಂದಾಯಿತು. ಅಲ್ಲಿಯವರೆಗೆ ಮುಧೋಳದ ಮಾವನ ಗಾಣದಿಂದ ಜೋನಿಬೆಲ್ಲ ಬಂತು, ಕೊಡಗಟ್ಟಲೆ ಕಬ್ಬಿನ ಹಾಲು ಬಂತು. ಅಕ್ಕ ನೀರಡಿಕೆಯಿಂದ ಅದನ್ನು ಗಟಗಟ ಕುಡಿಯುವಾಗ ಅವ್ವ ಅವಳ ಗಂಟಲನ್ನೇ ನೋಡುತ್ತ ಕೂತಿರುತ್ತಿದ್ದಳು. ಅಷ್ಟು ಸುಖ ಅವ್ವನ ಮುಖದಲ್ಲಿ ನಾನು ಮತ್ತೆ ಕಂಡಿಲ್ಲ.

"ಅವ್ವಾ, ಸಾಕ ಬೇ."

"ಇನ್ನೊಂದ ಗುಟುಕು. ನನ್ನ ಆಣಿ."

ಹಬ್ಬದ ದಿನ ಎಲ್ಲರೂ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೊರಟಾಗ ಅಕ್ಕ ಏಳಲಿಲ್ಲ. ಓಡಿ ಬಂದವರಂತೆ ಉಸಿರಾಡುತ್ತಿದ್ದಳು. ಬಾಯಿಂದ ಕಳಿತ ಹಣ್ಣಿನ ವಾಸನೆ. ಅಪ್ಪ ಯಾರದೋ ಜೀಪು ತಂದ. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು.

"ನೀ ಅಂದಿದ್ದಿಯಲ್ಲ, ಬದಲಾಗೂದು ಅಂತ... ನಂದು ಬದಲಾಗತೈತೇನ?"

"ಆಗತೈತಿ ಅಕ್ಕಾ." ನನ್ನ ಹತ್ತಿರ ಇದ್ದದ್ದು ಸ್ಪೆಲಿಂಗ್ ಅಷ್ಟೇ.

ಮಿರಜಿನಲ್ಲಿ ಸೂಜಿ ಹಾಕಿದರು, ಸಲಾಯಿನ್ ಹಚ್ಚಿದರು. ಸಂಜೆಗೆ ಎಲ್ಲ ಮುಗಿದಿತ್ತು. ಅಲ್ಲಿಯ ಡಾಕ್ಟರು ಅಪ್ಪನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು. ಇದು ಸಕ್ಕರೆ ರೋಗ, ಮಕ್ಕಳಿಗೂ ಬರುತ್ತದೆ. ತಿಂದ ಸಿಹಿ ರಕ್ತದಲ್ಲೇ ನಿಲ್ಲುತ್ತದೆ, ಮೈಗೆ ಹತ್ತುವುದಿಲ್ಲ. ಕೊಟ್ಟಷ್ಟೂ ವಿಷ. ಅವ್ವ ಬಾಗಿಲಲ್ಲಿ ನಿಂತು ಅಷ್ಟನ್ನೂ ಕೇಳಿಸಿಕೊಂಡಳು.

ಮುಂದೆ ಆ ರೋಗದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಓದಿ ಯಾರನ್ನು ಉಳಿಸಬೇಕಿತ್ತು?

ನನ್ನ ಮದುವೆಯಾದ ಮೇಲೆ ಗಂಡನ ಜೊತೆ ಮೊದಲ ಸಲ ತವರಿಗೆ ಹೋದಾಗ ಅವ್ವ ಹೋಳಿಗೆ ಮಾಡಿದ್ದಳು. ಒತ್ತಾಯ ಮಾಡದೆ ಬಡಿಸಿದರೆ ಬೀಗರು ಮುನಿಯುವ ಸೀಮೆ ನಮ್ಮದು. ಅಳಿಯನ ತಾಟು ಬರಿದಾಗಿತ್ತು. ಹೋಳಿಗೆ ಹಿಡಿದ ಕೈ ತಾಟಿನ ಮೇಲೆ ಬಂದು, ನಿಂತು, ಹಿಂದೆ ಸರಿಯಿತು.

"ಬೇಕಾದ್ರ ನೀವಾ ಕೇಳ್ರಿ" ಎಂದು ಒಳಗೆ ಹೋದಳು.

ಅವ್ವ ಬದುಕಿರುವವರೆಗೂ ನಾವೇ ಕೇಳಿ ಹಾಕಿಸಿಕೊಂಡು ಉಂಡೆವು.