ಗಳ ಮುಟ್ಟಿದ ಮೇಲೆ ಬೋರ್ಡು

ಅವತ್ತು ಮಾಡಿದ ಕೆಲಸ ಇಷ್ಟು. ಒಲೆಯ ಬೂದಿ ತೆಗೆದೆ. ಎಡಗೈಯೊಂದರಲ್ಲೇ ಎಮ್ಮೆಯ ಹಾಲು ಕರೆದೆ, ಅದು ಎರಡು ಸಲ ತಿರುಗಿ ನೋಡಿತು. ರಾಗಿಯಲ್ಲಿ ಕಲ್ಲು ಆರಿಸಿ ಮಿಲ್ಲಿಗೆ ಕಳಿಸಿದೆ. ಅತ್ತೆಯ ಮಂಡಿಯಿಂದ ಪಾದದವರೆಗೆ ಹರಳೆಣ್ಣೆ ಹಚ್ಚಿದೆ. ಕೊಬ್ಬರಿ ಅಟ್ಟದಿಂದ ಉದುರಿದ ನಾರು ಗುಡಿಸಿದೆ. ಉಪ್ಪಿನಕಾಯಿ ಜಾಡಿಯ ಬಾಯಿಗೆ ಹೊಸ ಬಟ್ಟೆ ಕಟ್ಟಿದೆ. ಗೋಡೆಗೆ ಮುಖ ಮಾಡಿ ನಿಂತಿದ್ದ ಬೋರ್ಡಿನ ಬೆನ್ನು ಒರೆಸಿದೆ. ಸಂಜೆ ಬಲಗೈ ಎತ್ತಿದೆ.

ಕೈ ಎತ್ತುವುದೂ ಒಂದು ಕೆಲಸವಾ ಅನ್ನುವವರಿಗೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಮ್ಮವರದು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಗಿಟುಕು ಉರುಳುವ ಸದ್ದಿನಿಂದಲೇ ಒಣಗಿದೆಯೋ ಇಲ್ಲವೋ ಹೇಳುವ ಮನುಷ್ಯ. ಅಷ್ಟು ವಿದ್ಯೆ ಸಾಲದೆಂದು ನಲವತ್ತು ದಾಟಿದ ಮೇಲೆ ಚೀನಾದ ವೈದ್ಯರಾಗಲು ಹೊರಟರು. ಆಗ ಸಾವಿರದ ಒಂಬೈನೂರ ಎಂಬತ್ತರ ಆಸುಪಾಸು. ಅವರಿಗೆ ಸೊಂಟ ಹಿಡಿದಾಗ ಬೆಂಗಳೂರಿನ ಡಾಕ್ಟರೊಬ್ಬರು ಸೂಜಿ ಚುಚ್ಚಿ ವಾಸಿ ಮಾಡಿದ್ದರಂತೆ. ಸೊಂಟದ ನೋವು ಹೋಯಿತು, ಸೂಜಿಯ ಹುಚ್ಚು ಬಂತು. ಆ ಡಾಕ್ಟರು ಭಾನುವಾರ ಪಾಠ ಹೇಳುತ್ತಿದ್ದರು. ನಮ್ಮವರು ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಇನ್ನಷ್ಟು ಚೀನಾದವರಾಗಿ ಬರುತ್ತಿದ್ದರು.

ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಚೀನಾದ್ದು ಅಂತ ಇದ್ದದ್ದು ಉಪ್ಪಿನಕಾಯಿಯ ಪಿಂಗಾಣಿ ಜಾಡಿ. ಅದೂ ಎಲ್ಲಿಯದೋ ಯಾರಿಗೆ ಗೊತ್ತು. ಅತ್ತೆಗೆ ಚೀನಾ ಎಂದರೆ ಯುದ್ಧದ ಕಾಲದಲ್ಲಿ ರೇಡಿಯೋ ಮುಂದೆ ಕೂತು ಬೈದ ದೇಶ. ಗುಂಡು ಹಾರಿಸಿ ಸಾಕಾಗಿ ಈಗ ಸೂಜಿ ಹಿಡಿದರಾ ಎಂದು ವಿಚಾರಿಸಿದರು.

ಹತ್ತಿಯ ದಿಂಬಿಗೆ ಚುಚ್ಚಿ ಕೈ ಪಳಗಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಕೊಬ್ಬರಿ ವ್ಯಾಪಾರಿಗೆ ಹತ್ತಿ ಹಿಡಿಸುತ್ತದೆಯೇ? ಉಂಡೆ ಕೊಬ್ಬರಿಗೆ ಚುಚ್ಚಿದರು. ಸೂಜಿಗಳು ಸೊಟ್ಟಗಾದವು. ಆಮೇಲೆ ಬಾಳೆದಿಂಡಿಗೆ ಇಳಿದರು. ಆ ವರ್ಷ ನಮ್ಮ ಮನೆಯ ದಿಂಡಿನ ಪಲ್ಯಕ್ಕೆ ಒಗ್ಗರಣೆ ಚೆನ್ನಾಗಿ ಒಳಗಿಳಿಯುತ್ತಿತ್ತು. ನಾಡಿ ನೋಡುವಾಗ ನನ್ನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಕಣ್ಣು ಮುಚ್ಚಿ, ಕಿವಿಯನ್ನು ನನ್ನ ಕಡೆ ವಾಲಿಸುತ್ತಿದ್ದರು. ಅಲ್ಲಾಡಿಸಲಿಲ್ಲ, ಅದೇ ನನ್ನ ಪುಣ್ಯ.

ಒಣಸೊಪ್ಪಿನ ಬತ್ತಿ ಹಚ್ಚಿ ಚರ್ಮದ ಹತ್ತಿರ ಹಿಡಿದು ಶಾಖ ಕೊಡುವುದೂ ಪಾಠದಲ್ಲಿತ್ತು. ಅತ್ತೆ ಹೊಗೆಯ ವಾಸನೆ ನೋಡಿ, ಇದು ನಾವು ಶಿವನಿಗೆ ಏರಿಸುವ ಮಾಚಿಪತ್ರೆಯ ಜಾತಿಯದೇ ಎಂದು ತೀರ್ಪು ಕೊಟ್ಟರು. ಅಂದಿನಿಂದ ಚೀನಾದವರನ್ನು ಬೈಯುವುದು ಸ್ವಲ್ಪ ಕಡಿಮೆಯಾಯಿತು.

ಪಾಠ ಮುಗಿಯುವ ಮೊದಲೇ ಬೋರ್ಡು ಬಂತು. ಲಾರಿಗಳಿಗೆ ಬಣ್ಣ ಬರೆಯುವವನು ‘ಚೀನೀ ಸೂಜಿ ಚಿಕಿತ್ಸೆ’ ಎಂದು ಬರೆದು, ಚೀನಾದ ಚಿತ್ರ ಬಾರದೆ ಪಕ್ಕದಲ್ಲಿ ತೆಂಗಿನಮರ ಬಿಡಿಸಿದ್ದ. ನಮ್ಮವರು ಮೊಳೆ ಹುಡುಕುತ್ತಿದ್ದಾಗ ಅತ್ತೆ ತಡೆದರು. ಆಗ ನನ್ನ ಬಲಭುಜ ಹಿಡಿದುಕೊಂಡು ತಿಂಗಳುಗಳಾಗಿದ್ದವು. ಜಡೆ ಹೆಣೆಯಲು ಆಗದು, ನಡುಮನೆಯ ತೊಲೆಗೆ ಹಗ್ಗದಲ್ಲಿ ಇಳಿಬಿಟ್ಟ ಬಿದಿರುಗಳದ ಮೇಲೆ ಸೀರೆ ಹರವಲು ಆಗದು.

“ಹೆಂಡ್ತಿ ಕೈ ಗಳ ಮುಟ್ಲಿ, ಆಮೇಲೆ ನೇತಾಕು. ಅಲ್ಲೀಗಂಟ ಅದು ಗೋಡೆ ನೋಡ್ಕೊಂಡ್ ನಿಂತಿರ್ಲಿ ಬುಡು,” ಅಂದರು ಅತ್ತೆ.

ಹೀಗೆ ನಮ್ಮವರ ವೈದ್ಯಪಟ್ಟ ನನ್ನ ಭುಜದ ಮೇಲೆ ಬಂದು ಕೂತಿತು. ಊರಲ್ಲಿ ಬೇರೆ ಯಾರೂ ಸೂಜಿಗೆ ಮೈ ಕೊಡಲು ಮುಂದೆ ಬಂದಿರಲಿಲ್ಲ. ದಿನಾ ಚುಚ್ಚಿದರು. ಚುಚ್ಚುವ ಜಾಗ ಹುಡುಕಲು ಹೆಬ್ಬೆರಳಿನ ಗೆಣ್ಣಿನ ಅಗಲವೇ ಅಳತೆ. ಮೂಳೆಯಿಂದ ಇಷ್ಟು ಹೆಬ್ಬೆರಳು ಕೆಳಗೆ, ಇಷ್ಟು ಪಕ್ಕಕ್ಕೆ. ಕಾಯಿ ಸುಲಿದೂ ಸುಲಿದೂ ಸೌಟಿನಂತೆ ಅಗಲವಾಗಿದ್ದ ತಮ್ಮ ಹೆಬ್ಬೆರಳನ್ನು ಅವರು ಭಕ್ತಿಯಿಂದ ನನ್ನ ತೋಳಿನುದ್ದಕ್ಕೂ ಮಗುಚುತ್ತಾ ಹೋಗುತ್ತಿದ್ದರು. ಕೈ ಮಾತ್ರ ಕಿವಿಯವರೆಗೂ ಬರಲಿಲ್ಲ.

ಒಂದು ಭಾನುವಾರ ರೈಲಿಳಿದು ಬಂದವರು ನೇರ ಬಚ್ಚಲಿಗೆ ಹೋದರು. ಕೈಕಾಲು ತೊಳೆದು, ನನ್ನ ಎದುರು ಕೂತು, ಹೆಬ್ಬೆರಳು ತೋರಿಸು ಎಂದರು. ಮದುವೆಯಾದ ಮೇಲೆ ಅವರು ಅದನ್ನು ನೋಡಿದ್ದು ಅದೇ ಮೊದಲು. ಆಮೇಲೆ ವಿಷಯ ಹೊರಬಿತ್ತು. ಅಳತೆ ರೋಗಿಯ ಹೆಬ್ಬೆರಳಿನದಂತೆ, ವೈದ್ಯನದಲ್ಲವಂತೆ. ಡಾಕ್ಟರು ಎಲ್ಲರ ಮುಂದೆ ಹೇಳಿದ್ದರು.

“ಹೂವಿನವಳು ಯಾರ ಕೈಯಲ್ಲಿ ಮೊಳ ಹಾಕ್ತಾಳೆ? ತನ್ನ ಕೈಯಲ್ಲಿ ತಾನೆ? ನಾನೂ ಹಂಗೇ ಅಂದ್ಕೊಂಡೆ ಕಣೇ,” ಅಂದರು.

ಅವರ ತಪ್ಪೂ ಅಲ್ಲ. ನಮ್ಮ ಸಂತೆಯಲ್ಲಿ ಅಳತೆ ಯಾವತ್ತೂ ಮಾರುವವರದು. ಕೊಳ್ಳುವವರ ಮೈಗೆ ತಕ್ಕಂತೆ ಅಳೆಯುವ ದೇಶ ಎಲ್ಲೋ ಇದೆ ಎಂದರೆ ಕೊಬ್ಬರಿ ಮಂಡಿಯವರು ನಂಬುವುದು ಹೇಗೆ? ನನ್ನ ಭುಜ ಬಿಟ್ಟು ಅದರ ನೆರೆಹೊರೆಗೆಲ್ಲ ಚಿಕಿತ್ಸೆಯಾಗಿತ್ತು, ಅಷ್ಟೇ.

ಮಾರನೆಯ ದಿನದಿಂದ ನನ್ನ ಹೆಬ್ಬೆರಳಿನ ಅಳತೆ. ಜೊತೆಗೆ, ರೋಗಿಯ ಕೈಗೆ ಭಾರದ ಕೆಲಸ ಕೊಡಬಾರದು ಎಂದೂ ಡಾಕ್ಟರು ಹೇಳಿ ಕಳಿಸಿದ್ದರು. ಹಾಗಾಗಿ ನಮ್ಮವರು ಕಾಯಿ ತುರಿದರು, ಬಾವಿಯಿಂದ ನೀರು ಸೇದಿದರು, ಮುದ್ದೆಯನ್ನೂ ತೊಳಸಿದರು, ಗಂಟುಗಂಟಾಗಿ. ಕೈ ನಿಧಾನವಾಗಿ ಕಿವಿ ದಾಟಿತು. ಅವರು ಸೂಜಿಯನ್ನು ಹೊಗಳಿದರು, ಅತ್ತೆ ಮಾಚಿಪತ್ರೆಯನ್ನು. ನಾನು ಮನಸ್ಸಿನಲ್ಲೇ ತುರಿಯೋ ಮಣೆಯನ್ನು. ಆದರೆ ಗಳ ಇನ್ನೂ ಒಂದು ಗೇಣು ಮೇಲೇ ಇತ್ತು, ಕೈ ಅಲ್ಲಿಗೇ ನಿಂತುಬಿಟ್ಟಿತು. ನಮ್ಮವರು ಬೋರ್ಡಿನ ಕಡೆ ನೋಡುವುದನ್ನು ಬಿಟ್ಟರು. ಇನ್ನು ಕೊಬ್ಬರಿಯೇ ಸಾಕು ಅಂದುಕೊಳ್ಳುವ ಮುಖ ಮಾಡಿದ್ದರು. ಅದನ್ನು ನೋಡಲು ನನಗೂ ಅಷ್ಟು ಖುಷಿಯಾಗಲಿಲ್ಲ.

ಅವತ್ತು ಸಂಜೆ ಒಗೆದ ಸೀರೆಯ ಬುಟ್ಟಿ ತೆಗೆದುಕೊಂಡು ನಡುಮನೆಗೆ ಬಂದೆ. ಗಳದ ಮೇಲೆ ಮೊದಲೇ ಇದ್ದ ಅತ್ತೆಯ ಸೀರೆಯ ಅಂಚು ಕೆಳಗಿನ ರಾಗಿಡಬ್ಬದ ಮುಚ್ಚಳಕ್ಕೆ ತಾಗುತ್ತಿತ್ತು. ಬೆಳಿಗ್ಗೆ ತಾಗುತ್ತಿರಲಿಲ್ಲ. ಗಳದ ಹಗ್ಗವನ್ನು ಯಾರೋ ಎರಡೂ ಕಡೆ ಸಡಿಲಿಸಿ ಮತ್ತೆ ಬಿಗಿದಿದ್ದರು. ಮೂಲೆಯ ಸ್ಟೂಲಿನ ಮೇಲೆ ಹರಳೆಣ್ಣೆಯ ಪಾದದ ಗುರುತು. ಸ್ಟೂಲು ಹತ್ತುವುದಿರಲಿ, ಹೊಸಿಲು ದಾಟುವುದಕ್ಕೂ ಶಿವನನ್ನು ಕರೆಯುವ ಅತ್ತೆ ಜಗಲಿಯಲ್ಲಿ ಬೀದಿ ನೋಡುತ್ತಾ ಬಹಳ ಗಂಭೀರವಾಗಿ ಕೂತಿದ್ದರು.

ನಮ್ಮವರನ್ನು ಕರೆದೆ. ಬಾಗಿಲಲ್ಲಿ ಬಂದು ನಿಂತರು. ಕೈ ಎತ್ತಿದೆ. ಭುಜದಲ್ಲಿ ಕಳಕ್ ಎಂದಿತು, ಬೆರಳು ಗಳಕ್ಕೆ ತಾಗಿತು, ಸೀರೆ ಆ ಕಡೆಗೆ ಬಿತ್ತು.

“ಅತ್ತೆ, ಮುಟ್ಟಿತು,” ಅಂದೆ.

“ಮುಟ್ತಾ? ಹಂಗಾದ್ರೆ ಬೋರ್ಡ್ ತಿರುಗ್ಸಪ್ಪ,” ಅಂದರು, ಈ ಕಡೆ ತಿರುಗದೆ.

ಕತ್ತಲಾಗುವ ಮೊದಲೇ ತೆಂಗಿನಮರದ ಸಮೇತ ಚೀನಾ ನಮ್ಮ ಬಾಗಿಲ ಮೇಲೆ ಏರಿತು. ಊಟಕ್ಕೆ ಕೂತಾಗ ಅತ್ತೆ, ಯಾಕೋ ಇವತ್ತು ಮಂಡಿ ಜಾಸ್ತಿ ನೋಯುತ್ತದೆ ಎಂದು ಕಾಲು ಚಾಚಿದರು. ನಾನು ಸ್ಟೂಲಿನ ಕಡೆ ನೋಡಿದೆ. ನಮ್ಮ ವೈದ್ಯರು ಎಡಗೈಯಲ್ಲಿ ಅತ್ತೆಯ ಹೆಬ್ಬೆರಳು ಹಿಡಿದು ಅಗಲ ನೋಡಿದರು.

ರಾಗಿಮುದ್ದೆ, ಹುರುಳಿಸಾರು, ತೂತಿಲ್ಲದ ಬಾಳೆದಿಂಡಿನ ಪಲ್ಯ. ಮುದ್ದೆ ನಾನೇ ತೊಳಸಿದ್ದೆ, ಗಂಟಿರಲಿಲ್ಲ. ಮೊದಲು ನಿದ್ದೆ ಹೋದದ್ದು ವೈದ್ಯರು. ಆಮೇಲೆ ಅತ್ತೆ. ನಾನು ಸ್ಟೂಲು ಒರೆಸಿ ಮೂಲೆಗಿಟ್ಟು ಮಲಗಿದೆ.