ಅನುಮಾನದಕ್ಕನ ತೇಪೆಗಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎದುರಿಗೆ ಬರೀ ಅಕ್ಕ, ಬೆನ್ನ ಹಿಂದೆ ಅನುಮಾನದಕ್ಕ. ಬೆನ್ನ ಹಿಂದಿನ ಹೆಸರೂ ಅವಳಿಗೆ ಗೊತ್ತಿತ್ತು ಅನ್ನಿ. ಬೆನ್ನ ಹಿಂದೆ ನಡೆಯುವುದು ಗೊತ್ತಾಗದಿದ್ದರೆ ಅವಳು ಅನುಮಾನದಕ್ಕ ಹೇಗಾದಾಳು? ಹರಿದ ಬೆಡ್‌ಶೀಟುಗಳಿಗೆ ತೇಪೆ ಹಾಕುವ ಮೂವರಲ್ಲಿ ಅವಳೇ ಹಳಬಳು, ಇಪ್ಪತ್ಮೂರು ವರ್ಷದ ಸರ್ವೀಸು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ನಾಲ್ಕನೆಯ ಸಲ ಎಳೆಯುವುದಕ್ಕೆ ವಾಪಸು ಬರುವ ಹೆಂಗಸು ಅವಳು. ಒಂದು ದಿನ ಊಟದ ನಡುವೆ ಗಂಡ ಬಾಯಿತಪ್ಪಿ, "ಅಡುಗೆ ಚೆನ್ನಾಗಿದೆ ಕಣೇ" ಎಂದುಬಿಟ್ಟ. "ಅಂದ್ರೆ ನಿನ್ನೆದು ಚೆನ್ನಾಗಿರ್ಲಿಲ್ವಾ? ಏನ್ ಬೇಕಾಗಿದೆ ನಿಮಗೆ, ನೇರವಾಗಿ ಹೇಳ್ಬಿಡಿ" ಎಂದಳು. ಪಾಪ, ಅವನಿಗೆ ಬೇಕಾಗಿದ್ದದ್ದು ಇನ್ನೊಂದು ಸೌಟು ಅಷ್ಟೆ. ಆಮೇಲೆ ಅವನು ಹೊಗಳುವ ಗೋಜಿಗೇ ಹೋಗಲಿಲ್ಲ, ಸುಮ್ಮನೆ ತಟ್ಟೆ ಮುಂದಕ್ಕೆ ಚಾಚುತ್ತಿದ್ದ.

ಮನೆಯಲ್ಲಿ ತಲೆನೋವಾದ ಈ ಗುಣ ಹೊಲಿಗೆಯ ಮೇಜಿನ ಮೇಲೆ ಅಪ್ಪಟ ಚಿನ್ನ. ಒಗೆದು ಬಂದ ಬಟ್ಟೆ ಗಟ್ಟಿಯಾಗಿದೆ ಎಂದು ಅವಳು ನಂಬುವುದೇ ಇಲ್ಲ. ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಾಳೆ, ಅಂಗೈಯಲ್ಲಿ ಸವರುತ್ತಾಳೆ, ಮುಂದಿನ ವಾರ ಹರಿಯಲಿರುವ ಜಾಗವನ್ನು ಈ ವಾರವೇ ಹಿಡಿಯುತ್ತಾಳೆ. ಒಮ್ಮೆ ಮಕ್ಕಳ ವಾರ್ಡಿನ ಬೆಡ್‌ಶೀಟಿನ ಅಂಚಿನ ಮಡಿಕೆಯೊಳಗೆ ಮುರಿದ ಇಂಜೆಕ್ಷನ್ ಸೂಜಿ ಸಿಕ್ಕಿತು. ಅಲ್ಲಿಯವರೆಗೆ ನಾಲ್ಕು ಜನರ ಕೈ ದಾಟಿ ಬಂದ ಬಟ್ಟೆ ಅದು. ಆ ದಿನ ಅವಳು ಬಟ್ಟೆಮೂಟೆಗಳ ಹಿಂದೆ ನಿಂತು ಕಣ್ಣೊರೆಸಿಕೊಂಡಳು. ಜನ ನಗುವ ಈ ಹಾಳು ಬುದ್ಧಿಗೆ ಅವಳು ಮನಸಾರೆ ಕೈಮುಗಿದದ್ದು ಅದೇ ಮೊದಲು.

ಇನ್ನೊಂದು ಗುಟ್ಟಿತ್ತು. ತೇಪೆ ಎಂದರೆ ಚೌಕವಾಗಿರಬೇಕು, ಬಿಳಿ ಬಟ್ಟೆಗೆ ಬಿಳಿ ನೂಲು, ಇದು ವಿಭಾಗದ ನಿಯಮ. ಹನ್ನೊಂದು ವರ್ಷಗಳ ಹಿಂದೆ ಮಕ್ಕಳ ವಾರ್ಡಿನ ಬಟ್ಟೆಯೊಂದು ಉದ್ದಕ್ಕೆ, ಒಂದು ತುದಿಯಲ್ಲಿ ಕವಲಾಗಿ ಹರಿದಿತ್ತು. ನೋಡಿದರೆ ಥೇಟ್ ಮೀನು. ಅವಳ ಕತ್ತರಿ ತಾನಾಗಿಯೇ ಮೀನಿನ ಆಕಾರಕ್ಕೆ ತಿರುಗಿತು. ಅಂದಿನಿಂದ ಆ ವಾರ್ಡಿನ ಹರಕುಗಳಿಗೆಲ್ಲ ಮೀನು, ಗುಬ್ಬಿ, ಎಲೆ, ಬಾಲ ಎತ್ತಿದ ಬೆಕ್ಕು. ಬಿಳಿಯ ಮೇಲೆ ಬಿಳಿ, ಹತ್ತಿರ ಬಂದು ನೋಡಿದವರಿಗಷ್ಟೇ ಕಾಣುವಂಥದ್ದು. ಗುಬ್ಬಿಯ ರೆಕ್ಕೆಗೆ ಸೂಜಿ ಹಾಕುತ್ತಿರುವಷ್ಟು ಹೊತ್ತು ಅವಳ ತಲೆಯಲ್ಲಿ ಬೀಗದ ಚಿಂತೆಯಿಲ್ಲ, ಗ್ಯಾಸ್ ಆರಿಸಿದೆನೋ ಎಂಬುದಿಲ್ಲ, ಯಾರು ಯಾರ ಬಗ್ಗೆ ಏನೆಂದರು ಎಂಬುದಿಲ್ಲ. ದಿನದಲ್ಲಿ ಅವಳು ನೆಮ್ಮದಿಯಾಗಿ ಉಸಿರಾಡುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ.

ಹೀಗಿರುವಾಗ ಹೊಸ ಮೇಲ್ವಿಚಾರಕಿ ಬಂದಳು. ಹಿಂದಿನವನು ಪತ್ರಿಕೆಯಿಂದ ತಲೆ ಎತ್ತದ ಪುಣ್ಯಾತ್ಮ. ಈಕೆಯೋ, ನಗುತ್ತಾಳೆ. ಕಾರಣವಿಲ್ಲದೆ ನಗುವ ಅಧಿಕಾರಿಯನ್ನು ನಂಬಬಾರದು ಎಂದು ಅನುಮಾನದಕ್ಕ ಮೊದಲ ದಿನವೇ ತೀರ್ಮಾನಿಸಿದ್ದಳು. ಸೋಮವಾರ ಆಕೆ ಎಲ್ಲರಿಗೂ ಒಂದೊಂದು ಕಾಗದ ಹಂಚಿದಳು. ನಿಮ್ಮಲ್ಲಿರುವ ಯಾವ ಗುಣಕ್ಕೆ ನೀವು ಕೃತಜ್ಞರು? ಮನಸ್ಸಿನ ಖುಷಿಗಾಗಿ ಕೈಯಾರೆ ಏನು ಮಾಡುತ್ತೀರಿ? ಶುಕ್ರವಾರದೊಳಗೆ ಬರೆದು ಕೊಡಿ.

"ಮೇಲಿನಿಂದ ಬಂದಿದೆ. ಸುಮ್ಮನೆ ಮನಸ್ಸು ಹಗುರ ಮಾಡ್ಕೊಳ್ಳೋಕೆ" ಎಂದಳು ಮೇಲ್ವಿಚಾರಕಿ.

ಅನುಮಾನದಕ್ಕನ ಮನಸ್ಸು ಕಲ್ಲಾಯಿತು. ಕೈಯಾರೆ ಏನು ಮಾಡುತ್ತೀರಿ ಎಂದರೇನು? ಇವರಿಗೆ ಮೀನಿನ ವಾಸನೆ ಬಡಿದಿದೆ. ನಮ್ಮ ಬಾಯಿಂದಲೇ ಹೊರಡಿಸುವ ಉಪಾಯ ಇದು. ಬರೆದರೆ ಕೆಲಸಕ್ಕೆ ಕುತ್ತು, ಬರೆಯದಿದ್ದರೆ ಮುಚ್ಚಿಟ್ಟಳೆಂಬ ಆರೋಪ. ಕೆಲಸ ಹೋದರೂ ಹೇಗೋ ಗಂಜಿ ಕುಡಿದು ಬದುಕಬಹುದು, ಆ ಅರ್ಧ ಗಂಟೆ ಹೋದರೆ? ಅದಿರಲಿ, ಮೇಲ್ವಿಚಾರಕಿಗೆ ಚಾಡಿ ಹೇಳಿದವರು ಯಾರು?

ಅವಳ ಕೈಯಿಂದ ಬಟ್ಟೆ ನೇರ ಹೋಗುವುದು ಇಸ್ತ್ರಿಯಣ್ಣನ ಮೇಜಿಗೆ. ಇಸ್ತ್ರಿ ಮಾಡಿ ಮಡಿಸಿ ಕಪಾಟಿಗೆ ಸೇರಿಸುವವನು ಅವನೊಬ್ಬನೇ. ನಿವೃತ್ತಿಗೆ ಎಂಟು ತಿಂಗಳು ಉಳಿದ ಮನುಷ್ಯ, ಎಷ್ಟೋ ವರ್ಷಗಳಿಂದ ಅವಳ ಎದುರಿಗೆ ಕೂತು ಬುತ್ತಿ ಬಿಚ್ಚುವವನು. ಹೋದ ಗುರುವಾರ ಅವನು ಮೇಲ್ವಿಚಾರಕಿಯ ಕೋಣೆಯಿಂದ ನಗುತ್ತ ಹೊರಬಂದದ್ದು ಅವಳಿಗೆ ನೆನಪಾಯಿತು. ಅಲ್ಲಿಗೆ ಲೆಕ್ಕ ಸರಿಹೋಯಿತು.

ಮಂಗಳವಾರ ಊಟದ ಹೊತ್ತಿಗೆ ಅವಳು ಬುತ್ತಿ ಬಿಚ್ಚಲಿಲ್ಲ.

"ಅಣ್ಣ, ಮೇಡಂ ಹತ್ರ ಏನು ಹೇಳಿದ್ರಿ?"

"ಯಾವಾಗ?"

"ಗುರುವಾರ. ನಕ್ಕೊಂಡು ಬಂದ್ರಲ್ಲ."

"ಪೆನ್ಷನ್ ಕಾಗದಕ್ಕೆ ಸಹಿ ಹಾಕಿಸ್ಕೊಂಡೆ ತಂಗಿ. ನಗದೆ ಅಳಬೇಕಿತ್ತಾ?"

"ನನ್ನ ತೇಪೆ ವಿಷಯ ನಿಮ್ಮನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಿಮ್ಮ ಸಹಿ ಆಗ್ಲಿ ಅಂತ ನನ್ನ ಮಾರಿಬಿಟ್ರಾ?"

ಇಸ್ತ್ರಿಯಣ್ಣ ತುತ್ತನ್ನು ಡಬ್ಬಿಗೇ ಹಾಕಿದ. ಅವನ ಮುಖ ಇಳಿದುಹೋಗಿತ್ತು. "ಆಯ್ತು ಬಿಡು. ಇನ್ಮೇಲೆ ಎಲ್ಲ ನಿಯಮದ ಪ್ರಕಾರ ಮಾಡ್ತೀನಿ" ಎಂದು ಎದ್ದುಹೋದ. ನಿಯಮದ ಪ್ರಕಾರ ಏನು ಮಾಡುತ್ತಾನೆ ಎಂಬುದು ಅವಳಿಗೆ ಅರ್ಥವಾಗಲಿಲ್ಲ. ಅದೂ ಬೆದರಿಕೆಯೇ ಇರಬೇಕು ಎಂದುಕೊಂಡಳು.

ಗುರುವಾರ ಬೆಳಿಗ್ಗೆ ಮೇಲ್ವಿಚಾರಕಿ ಕಪಾಟಿನ ಬಾಗಿಲು ತೆರೆದು ನಿಂತಳು. ಮೇಲಿನ ಬೆಡ್‌ಶೀಟಿನ ಮೇಲೆ, ನಟ್ಟನಡುವೆ, ಕಾಗದ ಬರುವ ಮೊದಲೇ ಅವಳು ಹೊಲಿದು ಕಳಿಸಿದ್ದ ಗುಬ್ಬಿ. ಆಕೆ ಅದನ್ನು ಬೆರಳಿನಿಂದ ಸವರಿದಳು. ಆಮೇಲೆ ಕೆಳಗಿನ ಹಳೆಯ ಮಡಿಕೆಗಳನ್ನು ಒಂದೊಂದಾಗಿ ಎಳೆದು ಬಿಚ್ಚತೊಡಗಿದಳು. ಒಂದರಲ್ಲಿ ಮೀನು, ಇನ್ನೊಂದರಲ್ಲಿ ಬೆಕ್ಕು.

"ಇವೆಲ್ಲ ಬೇರೆ ಥರ ಮಡಿಸಿದ್ದೀರಲ್ಲ? ತೇಪೆ ಒಳಗೆ ಹೋಗೋ ಹಾಗೆ, ಒಂದು ಮಡಿಕೆ ಜಾಸ್ತಿ. ಯಾಕೆ?"

"ಅಭ್ಯಾಸ ಮೇಡಂ" ಎಂದ ಇಸ್ತ್ರಿಯಣ್ಣ.

"ಬಚ್ಚಿಡೋಕೆ ಮಡಿಸಿದ್ದೀರಿ. ಅಂದ್ರೆ ಮಾಡಿದವರು ಯಾರು ಅಂತ ನಿಮಗೆ ಗೊತ್ತು."

"ಗೊತ್ತಿಲ್ಲ ಮೇಡಂ."

"ಹಾಗಾದ್ರೆ ನಿಮ್ಮ ಮೇಲೇ ದೂರು ಬರೆದು ಕಳಿಸ್ಬೇಕಾಗುತ್ತೆ."

"ಕಳಿಸಿ."

ಅನುಮಾನದಕ್ಕನ ಸೂಜಿ ಬಟ್ಟೆಯ ನಡುವೆಯೇ ನಿಂತಿತು. ತನ್ನ ಮೇಜಿಗೆ ಬರುವ ಪ್ರತಿ ಎಳೆಯನ್ನೂ ಶಂಕಿಸಿ ನೋಡಿದ್ದಳು. ತನ್ನ ಕೈ ದಾಟಿದ ಬಟ್ಟೆಯನ್ನು ಹಿಂತಿರುಗಿ ನೋಡಿರಲಿಲ್ಲ. ಹನ್ನೊಂದು ವರ್ಷ ಒಂದು ಮಡಿಕೆ ಹೆಚ್ಚು, ಅದಕ್ಕೊಂದು ಸಲ ಇಸ್ತ್ರಿ ಹೆಚ್ಚು, ಆ ಬಿಸಿಯಲ್ಲಿ ಆ ವಯಸ್ಸಿನಲ್ಲಿ. ಮಂಗಳವಾರ ಅವಳು ಆಡಿದ ಮಾತಿಗೆ ನೊಂದು ಅವನು ಎಲ್ಲರ ಹಾಗೆ ಮಡಿಸಿದ, ಗುಬ್ಬಿ ಹೊರಗೆ ಬಂತು. ಹಿಡಿದುಕೊಟ್ಟದ್ದು ಅವನಲ್ಲ, ಅವಳ ನಾಲಿಗೆ.

ಸುಮ್ಮನಿದ್ದರೆ ಉಳಿದುಕೊಳ್ಳಬಹುದಿತ್ತು. ಹೊಲಿಯುವವರು ಮೂವರು, ಯಾವ ತೇಪೆಯ ಮೇಲೂ ಹೆಸರಿಲ್ಲ. ಅವಳು ಎದ್ದು ನಿಂತಳು.

"ನಾನೇ ಮೇಡಂ. ಎಲ್ಲಾನೂ ನಾನೇ. ಅವರನ್ನ ಏನೂ ಅನ್ಬೇಡಿ."

ಮೇಲ್ವಿಚಾರಕಿ ಅವಳನ್ನೂ ಗುಬ್ಬಿಯನ್ನೂ ನೋಡಿದಳು. ಈ ಸಲ ನಗಲಿಲ್ಲ. "ಆ ಕಾಗದದಲ್ಲಿ ಬರೆದಿದ್ರೆ ಮೇಲಿನವರಿಗೆ ನಾನೇ ತೋರಿಸ್ತಿದ್ದೆ, ಒಪ್ಪಿಗೆ ಕೇಳ್ತಿದ್ದೆ. ಬಚ್ಚಿಟ್ಟು ಸಿಕ್ಕಿದ ಮೇಲೆ ನಾನು ಯಾವ ಮುಖ ಇಟ್ಕೊಂಡು ಕೇಳ್ಲಿ? ಇವತ್ತಿಂದ ಚೌಕ, ಅಷ್ಟೆ."

ಆಕೆ ನಿಜಕ್ಕೂ ಕೇಳುತ್ತಿದ್ದಳೋ ಇಲ್ಲವೋ, ಅನುಮಾನದಕ್ಕನಿಗೆ ಅದೂ ಅನುಮಾನವೇ. ಆದರೆ ಚೌಕ ಮಾತ್ರ ನಿಜ. ಅಂದು ಮಧ್ಯಾಹ್ನದವರೆಗೆ ಅವಳು ಆರು ಚೌಕ ಹಾಕಿದಳು. ಆರೂ ಅಚ್ಚುಕಟ್ಟು, ಒಂದರಲ್ಲೂ ಜೀವವಿಲ್ಲ. ನಡುನಡುವೆ ಕಣ್ಣು ಮಂಜಾಗಿ ದಾರ ಪೋಣಿಸಲು ಆಗಲಿಲ್ಲ. ಆಮೇಲೆ ಕಾಗದ ತೆಗೆದು ಬರೆದಳು: "ನಾನು ಯಾವುದನ್ನೂ ಸುಲಭಕ್ಕೆ ನಂಬುವುದಿಲ್ಲ. ಈ ಗುಣ ಒಂದು ಮಗುವನ್ನು ಸೂಜಿಯಿಂದ ಉಳಿಸಿದೆ, ಅದಕ್ಕೆ ನಾನು ಋಣಿ. ಮೀನು ಗುಬ್ಬಿ ಹೊಲಿದ ಹನ್ನೊಂದು ವರ್ಷಕ್ಕೂ ಋಣಿ." ಇನ್ನೂ ಒಂದು ಸಾಲು ಬರೆಯಬೇಕಿತ್ತು, ಅದು ಕಾಗದದ ಮೇಲೆ ಬರೆಯುವಂಥದ್ದಾಗಿರಲಿಲ್ಲ.

ಬುತ್ತಿ ಹಿಡಿದು ಹೋಗಿ ಇಸ್ತ್ರಿಯಣ್ಣನ ಎದುರಿಗೆ ಕೂತಳು. ಅವನು ಎದ್ದುಹೋಗಲಿಲ್ಲ. ಬುತ್ತಿ ಬಿಚ್ಚುತ್ತ ಅವಳೇ ಬಾಯಿ ಬಿಟ್ಟಳು.

"ತಪ್ಪಾಯ್ತು ಅಣ್ಣ. ಆದ್ರೂ ಇಷ್ಟು ವರ್ಷ ಹೀಗೆ ಮಡಿಸ್ತಿದ್ರಲ್ಲ, ನನಗೊಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ನಂಬ್ತಿದ್ಯಾ?"

ಅವಳು ಸುಳ್ಳು ಹೇಳಬಹುದಿತ್ತು. ಯೋಚಿಸಿ ನೋಡಿದಳು.

"ಇಲ್ಲ" ಎಂದಳು, ಮತ್ತೆ ತಲೆ ಎತ್ತಿ ಅವನ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ.